ಪಾಕ ನೋಡೋರು ಯಾರು? ಲಾಕ್‌ಡೌನ್‌ನಲ್ಲಿ ಆಲೆಮನೆ ನಡೆಸಿದ ನನ್ನ ಅನುಭವ

2020ರಲ್ಲಿ ಯುಗಾದಿ ಮಾರ್ಚ್ 25ಕ್ಕೆ ಬಂದಿತ್ತು. ಹಿಂದಿನ ರಾತ್ರಿ ಎಂಟು ಗಂಟೆಗೆ ಪ್ರಧಾನಿ ಟಿವಿಯಲ್ಲಿ ಬಂದು ಕೊರೊನಾ ಕಾಯಿಲೆ ಹರಡದಿರಲಿ ಅಂತ 21 ದಿನ ಯಾರೂ ಮನೆಯಿಂದ ಹೊರಗೆ ಬರಬೇಡಿ ಎಂದಿದ್ದರು. ಬೆಳಗ್ಗೆ ಬೇವು ಬೆಲ್ಲ ಬಾಯಿಗೆ ಹಾಕಿಕೊಂಡವನೇ ಆಲೆಮನೆಗೆ ಓಡಿದೆ. ಅಲ್ಲಿ ಎರಡು ಟ್ರ್ಯಾಕ್ಟರ್ ಲೋಡು ಕಬ್ಬು ಕಡಿದು ತಂದು ಹಾಕಿತ್ತು. ಕಡಿದ ಕಬ್ಬು ಯಾರಿಗೂ ಕಾಯುವುದಿಲ್ಲ. ಒಂದು ದಿನ ಬಿಟ್ಟರೆ ತೂಕ ಇಳಿಯುತ್ತದೆ. ಇನ್ನೂ ಬಿಟ್ಟರೆ ರಸ ಕೆಟ್ಟು ಬೆಲ್ಲ ಗಟ್ಟಿ ಕಟ್ಟುವುದೇ ಇಲ್ಲ.

ನಮ್ಮೂರು ಮಂಡ್ಯಕ್ಕೆ ಹತ್ತಿರ, ವಿಶ್ವೇಶ್ವರಯ್ಯ (ವಿ.ಸಿ.) ನಾಲೆಯ ನೀರು ಕುಡಿಯುವ ಊರು. ಅಪ್ಪ ಹಾಕಿದ ಆಲೆಮನೆ. ನಾನು ನೋಡಿಕೊಳ್ಳಲು ಶುರು ಮಾಡಿ ಆಗ ಹನ್ನೊಂದು ವರ್ಷ ಆಗಿತ್ತು. ಒಂದು ಗಾಣ, ಒಂದು ದೊಡ್ಡ ಕೊಪ್ಪರಿಗೆ, ಶೆಡ್ಡು, ಪಕ್ಕದಲ್ಲಿ ಆಳುಗಳ ಎರಡು ಕೋಣೆ. ಕೆಲಸದವರು ಎಂಟು ಜನ, ಎಲ್ಲರೂ ಉತ್ತರ ಪ್ರದೇಶದವರು. ಮಂಡ್ಯ ಕಡೆ ಎಷ್ಟೋ ಆಲೆಮನೆಗಳಲ್ಲಿ ಹೀಗೇ. ಅವರಿಗೊಬ್ಬ ಮೇಸ್ತ್ರಿ. ನಾನು ಕ್ವಿಂಟಲ್ ಲೆಕ್ಕದಲ್ಲಿ ಮೇಸ್ತ್ರಿಗೆ ದುಡ್ಡು ಕೊಡುತ್ತಿದ್ದೆ, ಅವನು ಉಳಿದವರಿಗೆ ಹಂಚುತ್ತಿದ್ದ. ಯಾರು ಎಷ್ಟು ಹೊತ್ತಿಗೆ ಏಳುತ್ತಾರೆ, ಯಾರು ಒಲೆ ಹಾಕುತ್ತಾರೆ, ಕೊಪ್ಪರಿಗೆಗೆ ಏನೇನು ಬೀಳುತ್ತದೆ, ಒಂದನ್ನೂ ನಾನು ಕೇಳಿದವನಲ್ಲ. ಬೆಳಗ್ಗೆ ಕಬ್ಬು ಹಾಕಿಸೋದು, ಸಂಜೆ ಬೆಲ್ಲ ಎಣಿಸೋದು. ಆಲೆಮನೆ ಯಜಮಾನ ಅಂದರೆ ಅಷ್ಟೇ ಅಂದುಕೊಂಡಿದ್ದೆ.

ಮೊದಲ ಒಂದೂವರೆ ತಿಂಗಳು ಹೇಗೋ ನಡೆಯಿತು. ಬೇಸಾಯದ ಕೆಲಸಕ್ಕೆ ತಡೆ ಇಲ್ಲ ಅಂತ ಕೆಲವೇ ದಿನದಲ್ಲಿ ಗೊತ್ತಾಯಿತು. ಆಳುಗಳು ಶೆಡ್ಡಿನಲ್ಲೇ ಇದ್ದರು. ಮಂಡಿಯವರು ಸ್ವಲ್ಪ ದಿನ ಮಾಲು ಕಳಿಸಬೇಡಿ ಎಂದಾಗ ಅಟ್ಟದ ತುಂಬ ಬೆಲ್ಲ ಪೇರಿಸಿದೆವು. ಆದರೆ ರಾತ್ರಿ ಹೊತ್ತು ಅವರು ಫೋನ್ ಹಿಡಿದು ಕೂರುತ್ತಿದ್ದರು. ಊರಲ್ಲಿ ಹೆಂಡತಿ ಮಕ್ಕಳು, ಇಲ್ಲಿ ಇವರು. ಮೇ ತಿಂಗಳಲ್ಲಿ ಹೊರಗಿನ ಕೆಲಸದವರನ್ನು ಊರಿಗೆ ಸೇರಿಸುವ ಶ್ರಮಿಕ್ ರೈಲು ಬಿಟ್ಟರು ಅನ್ನೋ ಸುದ್ದಿ ಬಂದ ದಿನವೇ ಮೇಸ್ತ್ರಿ ಬಂದು ನಿಂತ. ಸರ್ಕಾರದ ಸೇವಾ ಸಿಂಧು ವೆಬ್‌ಸೈಟಿನಲ್ಲಿ ಎಂಟು ಜನದ ಹೆಸರು ಹಾಕಿ ಕೊಟ್ಟವನು ನಾನೇ. ತಡೆಯುವ ಮನಸ್ಸು ಬರಲಿಲ್ಲ. ಲೆಕ್ಕ ಚುಕ್ತಾ ಮಾಡಿ, ತಲೆಗೆ ಎರಡೆರಡು ಕೆಜಿ ಅಚ್ಚು ಬೆಲ್ಲ ಕಟ್ಟಿಕೊಟ್ಟೆ. ಹೊರಟಾಗ ಮೇಸ್ತ್ರಿ ತನ್ನ ಹರಕು ಕನ್ನಡದಲ್ಲಿ ಹೇಳಿದ: "ಅಣ್ಣಾ, ಒಲೆ ಆರಿಸಬೇಡ." ಹೇಳೋದು ಸುಲಭ.

ಹೊಲದಲ್ಲಿ ಕಬ್ಬು ನಿಂತಿತ್ತು, ನನ್ನದೂ, ನನಗೆ ಕೊಡ್ತೀನಿ ಅಂತ ಮಾತು ಕೊಟ್ಟಿದ್ದ ಆರೇಳು ರೈತರದೂ. ಸೂಲಂಗಿ, ಅಂದರೆ ಕಬ್ಬಿನ ಹೂವು, ಬಂದು ಒಳಗೆ ಬೆಂಡಾಗುವ ಹೊತ್ತು. ನಮ್ಮ ಕಡೆಯ ಸಕ್ಕರೆ ಕಾರ್ಖಾನೆಯೂ ಆಗ ನಿಂತಿತ್ತು, ಅಲ್ಲಿಗೆ ಕಳಿಸಿ ಕೈ ತೊಳೆದುಕೊಳ್ಳೋ ಹಾಗಿರಲಿಲ್ಲ.

ನಾನು ಮೊದಲು ಮಾಡಿದ್ದು ತಪ್ಪು. ಎಂಟು ಜನ ಹೋದರು, ಎಂಟು ಜನ ಬೇಕು ಅಂತ ಊರಲ್ಲಿ ಹುಡುಕಿದೆ. ಬೆಂಗಳೂರಿನಿಂದ ವಾಪಸ್ ಬಂದ ಹುಡುಗರು ಅರಳಿಕಟ್ಟೆ ತುಂಬ ಇದ್ದರು. ಒಬ್ಬ ಕ್ಯಾಬ್ ಓಡಿಸುತ್ತಿದ್ದವನು, ಒಬ್ಬ ಮೊಬೈಲ್ ಅಂಗಡಿಯಲ್ಲಿ ಇದ್ದವನು, ಇಬ್ಬರು ಹೋಟೆಲಿನವರು. ದಿನಕ್ಕೆ 500 ರೂಪಾಯಿ, ಊಟ ಎಂದೆ. ಒಂಬತ್ತು ಜನ ಬಂದರು. ಮೂರನೇ ದಿನ ನಾಲ್ಕು ಜನ ಉಳಿದರು.

ಬೈದುಕೊಂಡು ಮನೆಗೆ ಹೋದೆ. ನಮ್ಮೂರ ಹುಡುಗರಿಗೆ ಮೈ ಬಗ್ಗಲ್ಲ ಅಂತ ಹತ್ತು ವರ್ಷದಿಂದ ಹೇಳುತ್ತಾ ಬಂದಿದ್ದವನು ನಾನು. ನನ್ನ ಹೆಂಡತಿ ಕೇಳಿದಳು: "ಬೆಳಗಿನ ಜಾವ ಮೂರಕ್ಕೆ ಎದ್ದು ರಾತ್ರಿ ಎಂಟರ ತನಕ ನೀವು ಮಾಡ್ತೀರಾ?" ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಉತ್ತರ ಪ್ರದೇಶದವರು ಶೆಡ್ಡಿನಲ್ಲೇ ಮಲಗಿ, ಶೆಡ್ಡಿನಲ್ಲೇ ರೊಟ್ಟಿ ಸುಟ್ಟುಕೊಂಡು ಹಾಗೆ ದುಡಿಯುತ್ತಿದ್ದರು. ಮನೆ ಮಠ, ದನ ಕರು ಇರುವವನು ಹಾಗೆ ದುಡಿಯೋಕೆ ಆಗಲ್ಲ. ಅದೂ ಅಲ್ಲದೆ ಆಗ ಸಂಜೆ ಏಳರಿಂದ ಬೆಳಗ್ಗೆ ಏಳರ ತನಕ ಓಡಾಡುವ ಹಾಗಿರಲಿಲ್ಲ. ಪಕ್ಕದ ಊರಿನವನು ಮೂರು ಗಂಟೆಗೆ ಬರುವುದಾದರೂ ಹೇಗೆ?

ಆ ರಾತ್ರಿ ಮಗಳ ನೋಟ್‌ಬುಕ್ ತೆಗೆದುಕೊಂಡು ಕೂತೆ. ಆಲೆಮನೆಯಲ್ಲಿ ಏನೇನು ಕೆಲಸ ಇದೆ ಅಂತ ಒಂದೊಂದಾಗಿ ಬರೆದೆ. ಗಾಣಕ್ಕೆ ಕಬ್ಬು ಕೊಡುವುದು. ರಚ್ಚು, ಅಂದರೆ ರಸ ಹಿಂಡಿದ ಕಬ್ಬಿನ ಸಿಪ್ಪೆ, ಎಳೆದು ಬಿಸಿಲಿಗೆ ಹರಡುವುದು. ಒಲೆಗೆ ಒಣ ರಚ್ಚು ಹಾಕುವುದು. ರಸಕ್ಕೆ ಸುಣ್ಣದ ತಿಳಿ ಬಿಡುವುದು, ಮೇಲೆ ತೇಲಿ ಬರುವ ಕೊಳೆ, ಅಂದರೆ ಮಡ್ಡಿ ತೆಗೆಯುವುದು. ಪಾಕ ನೋಡುವುದು. ಇಳಿಸಿ ತೊಟ್ಟಿಗೆ ಸುರಿದು ತಿರುವುವುದು. ಅಚ್ಚಿಗೆ, ಬಕೆಟ್ಟಿಗೆ ತುಂಬುವುದು. ಬರೆದ ಮೇಲೆ ಒಂದು ವಿಷಯ ಕಣ್ಣಿಗೆ ಬಿತ್ತು. ಇಷ್ಟರಲ್ಲಿ ವರ್ಷಗಟ್ಟಲೆ ಕಲಿಯಬೇಕಾದವು ಎರಡೇ: ಒಲೆ ಮತ್ತು ಪಾಕ. ಮಿಕ್ಕಿದ್ದನ್ನು ವಾರದಲ್ಲಿ ಕಲಿಸಬಹುದು. ಹಾಗಾದರೆ ನಾನು ಎಂಟು ಜನಕ್ಕೆ ಹುಡುಕಬೇಕಾಗಿಲ್ಲ, ಇಬ್ಬರಿಗೆ ಹುಡುಕಬೇಕು.

ಪಾಕಕ್ಕೆ ಸಿಕ್ಕಿದವರು ನಮ್ಮ ದೊಡ್ಡಪ್ಪನ ಓರಗೆಯ ಒಬ್ಬ ಅಜ್ಜ. ಹೊರಗಿನ ಆಳುಗಳು ಬರುವ ಮುಂಚೆ ಸುತ್ತ ನಾಲ್ಕು ಊರಿಗೆ ಪಾಕ ಇಳಿಸಿದವರು. ಎಪ್ಪತ್ತು ದಾಟಿತ್ತು. ವಯಸ್ಸಾದವರಿಗೇ ಕಾಯಿಲೆ ಜಾಸ್ತಿ ಅಂತ ಎಲ್ಲರೂ ಹೆದರಿದ್ದ ಕಾಲ. ಅವರ ಮಗನಿಗೆ ಮಾತು ಕೊಟ್ಟೆ: ಅಜ್ಜ ಕೊಪ್ಪರಿಗೆ ಹತ್ತಿರ ಬರುವುದಿಲ್ಲ, ಶೆಡ್ಡಿನ ಹೊರಗೆ ಗಾಳಿಯಲ್ಲಿ ಕುರ್ಚಿ, ಅವರ ಲೋಟ ತಟ್ಟೆ ಬೇರೆ. ಕ್ಯಾಬ್ ಓಡಿಸುತ್ತಿದ್ದ ಹುಡುಗ ಅವರ ಕೈ ಆಗಬೇಕು.

ಮೊದಲ ದಿನದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ರಸ ಕುದ್ದು ನೊರೆ ಉಕ್ಕಿ ಬಂತು. ಹುಡುಗ ಹೆದರಿ ಹಿಂದೆ ಸರಿದ. ಅಜ್ಜ ಕೂತಲ್ಲಿಂದಲೇ, "ಹೆದರ್ಬ್ಯಾಡ ಕಣ್ಲಾ, ಎರಡು ತೊಟ್ಟು ಹರಳೆಣ್ಣೆ ಬಿಡು" ಎಂದರು. ಬಿಟ್ಟ. ಅಷ್ಟೆತ್ತರದ ನೊರೆ ಮುದುಡಿ ಕೂತಿತು. ಆಮೇಲೆ ಅಜ್ಜ ಕಣ್ಣು ಮುಚ್ಚಿಕೊಂಡರು. ನಿದ್ದೆ ಹೋದರೇನೋ ಅಂದುಕೊಂಡೆ. ಅವರು ಸದ್ದು ಕೇಳುತ್ತಿದ್ದರು. ರಸ ಕುದಿಯುವಾಗ ಮಳೆ ಬಿದ್ದ ಹಾಗೆ ಸರಸರ ಅನ್ನುತ್ತದೆ. ಗಟ್ಟಿಯಾಗುತ್ತಾ ಬಂದ ಹಾಗೆ ಸದ್ದು ದಪ್ಪ ಆಗುತ್ತದೆ, ಕೊನೆಗೆ ಅಂಬಲಿ ಕುದ್ದ ಹಾಗೆ ಗುಳುಕ್ ಗುಳುಕ್. "ಈಗ ನೋಡು" ಎಂದರು. ಹುಡುಗ ಸೌಟಿನ ತುದಿಯಿಂದ ಒಂದು ತೊಟ್ಟು ತಣ್ಣೀರಿನ ಬಟ್ಟಲಿಗೆ ಬಿಟ್ಟು, ಬೆರಳಿನಲ್ಲಿ ಉಂಡೆ ಮಾಡಿ ತಂದು ಅವರ ಮುಂದಿನ ಕಲ್ಲಿಗೆ ಎಸೆದ. ಮೆತ್ತಗೆ ಅಂಟಿಕೊಂಡಿತು. "ಇನ್ನೂ ಇಲ್ಲ." ಎರಡು ನಿಮಿಷ. ಮತ್ತೆ ಎಸೆದ. ಟಕ್ ಅಂತು. "ಇಳಿಸ್ರಲಾ!"

ಪುಸ್ತಕದ ಲೆಕ್ಕದಲ್ಲಿ ಇದು 118 ಡಿಗ್ರಿ ಸೆಲ್ಸಿಯಸ್ ಆಸುಪಾಸು. ನಾನು ಆಮೇಲೆ ಒಂದು ಥರ್ಮಾಮೀಟರ್ ತರಿಸಿದೆ. ಕಲಿಯುವವರಿಗೆ ಅದು ಬೇಕೇ ಬೇಕು, ಅದಿಲ್ಲದಿದ್ದರೆ ಹುಡುಗ ಅಷ್ಟು ಬೇಗ ಕಲಿಯುತ್ತಿರಲಿಲ್ಲ. ಅಜ್ಜ ಅದನ್ನು "ಜ್ವರದ ಕಡ್ಡಿ" ಅಂತ ಕರೆದು ನಗುತ್ತಿದ್ದರು.

ಹಾಗಂತ ಎಲ್ಲ ಸರಿ ಹೋಗಲಿಲ್ಲ. ಎರಡನೇ ವಾರ ಮಳೆ ಬಂತು. ಹೊರಗೆ ಹರಡಿದ್ದ ರಚ್ಚು ನೆನೆಯಿತು. ನೆನೆದ ರಚ್ಚು ಹಾಕಿದರೆ ಉರಿ ಇಲ್ಲ, ಬರೀ ಹೊಗೆ. ಎರಡು ಗಂಟೆಯಲ್ಲಿ ಆಗಬೇಕಾದ ಪಾಕ ಐದು ಗಂಟೆ ಎಳೆಯಿತು. ನಮಗೂ ತಾಳ್ಮೆ ತಪ್ಪಿ ಬೇಗ ಇಳಿಸಿಬಿಟ್ಟೆವು. ತೊಟ್ಟಿಯಲ್ಲಿ ಎಷ್ಟು ತಿರುವಿದರೂ ಕಟ್ಟಲಿಲ್ಲ. ಒಂದು ಟನ್ ಕಬ್ಬಿಗೆ ಸರಿಸುಮಾರು ಒಂದು ಕ್ವಿಂಟಲ್ ಬೆಲ್ಲ ಬರುತ್ತದೆ. ಆ ಕ್ವಿಂಟಲ್ ಪೂರ್ತಿ ಅಂಟು. ಎಸೆಯೋಣ ಅಂತಿದ್ದೆವು. ಮೈಸೂರಿನಲ್ಲಿರುವ ನನ್ನ ಹಳೇ ಗೆಳೆಯ, ಸಾಗರದ ಕಡೆಯವನು, ಫೋನಿನಲ್ಲಿ ಕೇಳಿ ಬೈದ: "ಹುಚ್ಚಾ, ಅದು ಜೋನಿ ಬೆಲ್ಲ! ದೋಸೆಗೆ ಹಾಕ್ಕೊಂಡು ತಿಂತೀವಿ." ಡಬ್ಬಿಗೆ ತುಂಬಿ ಕಳಿಸಿದೆ, ಮಲೆನಾಡಿನವರು ಇರುವ ಮನೆಗಳಿಗೆ ಅವನೇ ಹಂಚಿದ. ಅಸಲು ಬಂತು. ಬೇಕಂತ ಮಾಡಿದ್ದು ಅಂತ ಯಾರಿಗೂ ಸುಳ್ಳು ಹೇಳಲಿಲ್ಲ.

ಇನ್ನೊಂದು ಹೇಳಲೇಬೇಕು. ಗಾಣಕ್ಕೆ ಕಬ್ಬು ಕೊಡುತ್ತಿದ್ದ ಹುಡುಗನ ತುಂಬು ತೋಳಿನ ಅಂಗಿ ಒಂದು ದಿನ ರೋಲರಿಗೆ ಸಿಕ್ಕಿತು. ಪಕ್ಕದಲ್ಲಿದ್ದವನು ಮೋಟಾರ್ ಆರಿಸಿದ. ಅಂಗಿ ಹೋಯಿತು, ಕೈ ಉಳಿಯಿತು. ಅವತ್ತೇ ಕೆಲಸ ನಿಲ್ಲಿಸಿ, ಸ್ವಿಚ್ಚನ್ನು ಕಬ್ಬು ಕೊಡುವವನ ಕೈಗೆಟಕುವಲ್ಲಿ ಹಾಕಿಸಿ, ರೋಲರ್ ಮುಂದೆ ಉದ್ದನೆಯ ತಗಡಿನ ದೋಣಿ ಕೂರಿಸಿದೆ. ಇದನ್ನು ಹನ್ನೊಂದು ವರ್ಷದ ಹಿಂದೆಯೇ ಮಾಡಬೇಕಿತ್ತು. ಹಳಬರು ಹುಷಾರಾಗಿರುತ್ತಾರೆ ಅಂತ ನಂಬಿಕೊಂಡು ಸುಮ್ನೆ ಇದ್ದೆ. ಹೊಸಬರನ್ನು ಸೇರಿಸುವವರು ಸಂಬಳದ ಮಾತಿಗೆ ಮುಂಚೆ ಈ ಕೆಲಸ ಮುಗಿಸಿಕೊಳ್ಳಿ.

ಅಚ್ಚು ತುಂಬಲು ಹೆಂಗಸರು ಬಂದರು. ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದವರು, ಫ್ಯಾಕ್ಟರಿ ಮುಚ್ಚಿ ಮನೆಯಲ್ಲಿದ್ದವರು. ಅವರಿಂದ ನಾನು ಕಲಿತದ್ದು ಜಾಸ್ತಿ. ಬಂದ ಎರಡನೇ ದಿನವೇ ಒಬ್ಬಕ್ಕ ಕೇಳಿದರು: "ಅಣ್ಣ, ಪೀಸ್ ಎಣಿಸೋರು ಯಾರು? ಬರ್ಕೊಳ್ಳೋ ಬುಕ್ ಎಲ್ಲಿ?" ಅಂಥದ್ದು ನಮ್ಮಲ್ಲಿ ಇರಲೇ ಇಲ್ಲ. ಅವರೇ ಗೋಡೆಗೆ ಒಂದು ಕ್ಯಾಲೆಂಡರ್ ಹಾಳೆ ತಿರುಗಿಸಿ ಅಂಟಿಸಿ, ಪ್ರತಿ ಕೊಪ್ಪರಿಗೆಗೆ ಎಷ್ಟು ಅಚ್ಚು, ಎಷ್ಟು ಒಡೆದದ್ದು ಅಂತ ಬರೆಯಲು ಶುರು ಮಾಡಿದರು. ಯಾವ ಹೊತ್ತಿನ ಪಾಕದಲ್ಲಿ ಒಡಕು ಜಾಸ್ತಿ ಅಂತ ಆ ಹಾಳೆ ನೋಡಿಯೇ ಗೊತ್ತಾಯಿತು. ಮಧ್ಯಾಹ್ನ ಊಟಕ್ಕೆ ಮುಂಚಿನದು. ಊಟಕ್ಕೆ ಹೋಗುವ ಆತುರದಲ್ಲಿ ಸರಿಯಾಗಿ ತಿರುವುತ್ತಿರಲಿಲ್ಲ, ಅಷ್ಟೇ.

ಕೆಲಸದವರನ್ನು ಎರಡು ತಂಡ ಮಾಡಿದೆ. ಒಂದು ಬೆಳಗ್ಗೆ ಏಳರಿಂದ ಒಂದರ ತನಕ, ಇನ್ನೊಂದು ಒಂದರಿಂದ ಆರೂವರೆ. ಒಂದು ಮನೆಯವರೆಲ್ಲ ಒಂದೇ ತಂಡ, ತಂಡಗಳು ಮುಖ ನೋಡುವ ಹಾಗಿಲ್ಲ. ಒಂದು ಮನೆಗೆ ಕಾಯಿಲೆ ಬಂದರೂ ಇನ್ನೊಂದು ತಂಡದಲ್ಲಿ ಗಾಣ ತಿರುಗಲಿ ಅಂತ. ಆ ಮೇ ತಿಂಗಳಲ್ಲಿ ಮುಂಬೈನಿಂದ ವಾಪಸ್ ಬಂದವರಲ್ಲಿ ಕೆ.ಆರ್. ಪೇಟೆ ಕಡೆ ಕೇಸು ಏರುತ್ತಿದ್ದವು, ಜಿಲ್ಲೆಗೆ ಜಿಲ್ಲೆಯೇ ನಡುಗುತ್ತಿತ್ತು. ಮಾಸ್ಕ್ ವಿಷಯದಲ್ಲಿ ನಿಜ ಹೇಳುತ್ತೇನೆ: ಒಲೆ ಮುಂದೆ ಯಾರೂ ಹಾಕಿಕೊಳ್ಳಲು ಆಗಲಿಲ್ಲ. ಐದು ನಿಮಿಷಕ್ಕೆ ಬೆವರಿನಲ್ಲಿ ಒದ್ದೆಯಾಗಿ ಉಸಿರು ಕಟ್ಟುತ್ತದೆ. ಅಲ್ಲಿ ಒಬ್ಬನೇ ಇರಬೇಕು ಅಂತ ಮಾಡಿದೆವು. ಬೇರೆ ಕಡೆ ಮಾಸ್ಕ್ ಕಡ್ಡಾಯ.

ಸಂಬಳದಲ್ಲಿ ಜಗಳ ಆಯಿತು. ಎಲ್ಲರಿಗೂ ಒಂದೇ ಕೂಲಿ ಇಟ್ಟಿದ್ದೆ. ಒಲೆ ಹಾಕುವವನು ಒಂದು ಬೆಳಗ್ಗೆ ಬರಲೇ ಇಲ್ಲ. ಮನೆಗೆ ಹೋಗಿ ಕೇಳಿದರೆ, "ರಚ್ಚು ಹರಡೋನಿಗೂ ಐನೂರು, ಬೆಂಕಿ ಮುಂದೆ ಬೇಯೋನಿಗೂ ಐನೂರಾ?" ಎಂದ. ನ್ಯಾಯವೇ ಅಲ್ವಾ? ಅವತ್ತಿನಿಂದ ಎಲ್ಲರಿಗೂ ದಿನಗೂಲಿ, ಅದರ ಮೇಲೆ ಒಲೆಯವನಿಗೂ ಪಾಕದವನಿಗೂ ಕೊಪ್ಪರಿಗೆ ಲೆಕ್ಕದಲ್ಲಿ ಮೇಲುದುಡ್ಡು. ಹೆಂಗಸರಿಗೆ ಗಂಡಸರಿಗಿಂತ ಕಮ್ಮಿ ಕೊಡುವ ನಮ್ಮ ಊರಿನ ರೂಢಿಯನ್ನು ನಾನು ಆಗ ಮುರಿಯಲಿಲ್ಲ. ಮುಂದಿನ ವರ್ಷ ಮುರಿದೆ. ತಡ ಆಯಿತು.

ಮೊದಲು ದಿನಕ್ಕೆ ಎಂಟು ಕೊಪ್ಪರಿಗೆ ಇಳಿಯುತ್ತಿತ್ತು. ಈ ಹೊಸ ವ್ಯವಸ್ಥೆಯಲ್ಲಿ ಮೊದಲ ವಾರ ಎರಡು, ಜೂನ್ ಹೊತ್ತಿಗೆ ನಾಲ್ಕು. ನಾಲ್ಕಕ್ಕಿಂತ ಮೇಲೆ ಹೋಗಲೇ ಇಲ್ಲ. ಬೆಲ್ಲವೂ ಕಪ್ಪಗೆ ಬರುತ್ತಿತ್ತು. ಮೇಸ್ತ್ರಿಯ ಬೆಲ್ಲ ಹೊಂಬಣ್ಣ ಇರುತ್ತಿತ್ತಲ್ಲ ಅಂತ ಅವನಿಗೇ ಫೋನ್ ಮಾಡಿದೆ. ಅವನು ನಕ್ಕು, "ಅಣ್ಣಾ, ಆ ಬಿಳಿ ಪುಡಿ" ಎಂದ. ಹೈಡ್ರೋಸ್, ಬೆಲ್ಲದ ಬಣ್ಣ ತಿಳಿ ಮಾಡುವ ಗಂಧಕದ ರಾಸಾಯನಿಕ. ಮೂಲೆಯಲ್ಲಿ ಅರ್ಧ ಡಬ್ಬ ಉಳಿದಿತ್ತು. ಅಂದಾಜಿನಲ್ಲಿ ಬೊಗಸೆಗಟ್ಟಲೆ ಸುರಿಯುತ್ತಿದ್ದರಂತೆ. ಬೆಲ್ಲದಲ್ಲಿ ಗಂಧಕದ ಅಂಶ (ಸಲ್ಫರ್ ಡೈಆಕ್ಸೈಡ್) 70 ಪಿಪಿಎಂ, ಅಂದರೆ ಹತ್ತು ಲಕ್ಷದಲ್ಲಿ 70 ಪಾಲು, ದಾಟಬಾರದು ಅಂತ ನಿಯಮ ಇದೆ. ನಮ್ಮದು ಎಷ್ಟಿತ್ತೋ ಶಿವನೇ ಬಲ್ಲ. ಅಜ್ಜ ಆ ಡಬ್ಬ ಮುಟ್ಟಲು ಬಿಡಲಿಲ್ಲ. ಬೆಂಡೆ ಗಿಡ ಜಜ್ಜಿ ಲೋಳೆ ತೆಗೆದು ಹಾಕಿ, ಮಡ್ಡಿ ಚೆನ್ನಾಗಿ ತೆಗೆಸಿದರು. ಬಣ್ಣ ಸ್ವಲ್ಪ ತಿಳಿಯಾಯಿತು, ಹೊಂಬಣ್ಣ ಬರಲಿಲ್ಲ.

ಮಂಡಿಯಲ್ಲಿ ಕಪ್ಪು ಬೆಲ್ಲಕ್ಕೆ ರೇಟು ಕಮ್ಮಿ. ಆದರೆ ಆಗ ಎಲ್ಲರ ಮನೆಯಲ್ಲೂ ಕಷಾಯ ಕುದಿಯುತ್ತಿತ್ತು. ತುಳಸಿ, ಚಕ್ಕೆ, ಶುಂಠಿ, ಮೆಣಸಿನ ಕಷಾಯಕ್ಕೆ ಬೆಲ್ಲ ಹಾಕಿ ಕುಡಿಯಿರಿ ಅಂತ ಕೇಂದ್ರದ ಆಯುಷ್ ಸಚಿವಾಲಯದವರೇ ಹೇಳಿದ್ದರು. ಮೊಬೈಲ್ ಅಂಗಡಿಯ ಹುಡುಗ ವಾಟ್ಸಾಪಿನಲ್ಲಿ ಫೋಟೋ ಹಾಕಿದ. ಮೈಸೂರಿನ ಕುವೆಂಪುನಗರ, ಸರಸ್ವತಿಪುರಂ ಕಡೆಯ ಅಪಾರ್ಟ್‌ಮೆಂಟ್‌ಗಳಿಂದ ಐದೈದು ಕೆಜಿ ಆರ್ಡರ್ ಬಂತು. ದಿನಕ್ಕೆ ನಾಲ್ಕೇ ಕೊಪ್ಪರಿಗೆ ಆದರೂ ಕೂಲಿ ಕೊಡುವಷ್ಟು ಕಾಸು ಅಲ್ಲಿಂದಲೇ ಹುಟ್ಟಿತು.

ದಸರಾ ಹೊತ್ತಿಗೆ ಮೇಸ್ತ್ರಿ ಮೂರು ಜನರೊಂದಿಗೆ ವಾಪಸ್ ಬಂದ. ಅವನಿಗೆ ಈ ಸಲ ಗುತ್ತಿಗೆ ಕೊಡಲಿಲ್ಲ, ಸಂಬಳ ಕೊಟ್ಟೆ. ಮೊದಲು ಮುಖ ಊದಿಸಿಕೊಂಡ, ಆಮೇಲೆ ಒಪ್ಪಿದ. ಬಿಳಿ ಪುಡಿ ಇಲ್ಲ ಎಂದಾಗ ಮತ್ತೆ ಮುಖ ಊದಿಸಿಕೊಂಡ. ಹೋಟೆಲಿನ ಹುಡುಗರು ಬೆಂಗಳೂರಿಗೆ ಹೋದರು, ಹೆಂಗಸರಲ್ಲಿ ಅರ್ಧ ಜನ ಗಾರ್ಮೆಂಟ್ಸ್‌ಗೆ ಹೋದರು. ಕ್ಯಾಬ್ ಹುಡುಗ ಉಳಿದ. ಕಾರಿನ ಸಾಲ ತೀರಿಸಲಾಗದೆ ಮಾರಿದ್ದ, ಪಾಪ.

2021ರ ಏಪ್ರಿಲ್ ಕೊನೆಯಲ್ಲಿ ಮತ್ತೆ ಬಾಗಿಲು ಹಾಕಿಸಿದಾಗ ಆಳು ಹೋಗುವ ಭಯ ಇರಲಿಲ್ಲ. ಈ ಸಲ ಕಾಯಿಲೆಯೇ ಊರೊಳಗೆ ಬಂತು. ಒಂದು ತಂಡದ ಮೂವರಿಗೆ ತಗುಲಿತು. ಆ ತಂಡವನ್ನು ಪೂರ್ತಿ ಮನೆಗೆ ಕಳಿಸಿ, ಅರ್ಧ ಕೂಲಿ ಕೊಟ್ಟು, ಇನ್ನೊಂದರಲ್ಲಿ ದಿನಕ್ಕೆ ಎರಡು ಕೊಪ್ಪರಿಗೆ ಇಳಿಸಿದೆವು. ಮೂವರೂ ಹುಷಾರಾದರು. ಅಜ್ಜನನ್ನು ಅವರ ಮಗ ಆ ಎರಡು ತಿಂಗಳು ಹೊಸಿಲು ದಾಟಿಸಲಿಲ್ಲ.

ಆಮೇಲೆ ಒಂದು ಸಂಜೆ ಬಂದು ಅದೇ ಕುರ್ಚಿಯಲ್ಲಿ ಕೂತರು. ಹುಡುಗ ತಾನೇ ಇಳಿಸಿದ ಬೆಲ್ಲದ ಚೂರು ತಂದು ಕೈಗಿಟ್ಟ. ಬಾಯಿಗೆ ಹಾಕಿಕೊಂಡು ಚಪ್ಪರಿಸಿದರು. "ಪಾಕ ಸರಿಯಾಗದೆ. ಒಸಿ ಉಪ್ಪುಪ್ಪು. ಬೋರ್‌ವೆಲ್ ನೀರಿನ ಕಬ್ಬು ಅಲ್ವೇನ್ಲಾ ಇದು?" ಹೌದು, ಆ ಲೋಡು ನಾಲೆ ನೀರು ಹತ್ತದ ಮೇಲಿನ ಹೊಲದ್ದು.