ಸಸಿ ನೆಡುವ ಮೊದಲು ಗುಡ್ಡದ ಮಣ್ಣನ್ನು ಓದುವುದು ಹೇಗೆ?

ಮಧುಗಿರಿಯಿಂದ ಪಾವಗಡದ ಕಡೆಗೆ ಹೊರಟರೆ ಬೋಳು ಗುಡ್ಡಗಳು ಕಣ್ಣಿಗೆ ಬೀಳುತ್ತಲೇ ಇರುತ್ತವೆ. ಬಂಡೆ, ಬಂಡೆಯ ಸಂದಿನಲ್ಲಿ ತಂಗಡಿ, ಬಂದರಿಕೆ, ಅಲ್ಲೊಂದು ಇಲ್ಲೊಂದು ಕಮರದ ಮರ. ಅಂಥದೊಂದು ಗುಡ್ಡದ ಇಳಿಜಾರಿನಲ್ಲಿ ನಮ್ಮ ದೊಡ್ಡಪ್ಪನಿಗೆ ಎರಡು ಎಕರೆ ಜಮೀನಿದೆ. ಅಲ್ಲಿ ಅವರು ನೆಟ್ಟ ನಲವತ್ತು ಮಾವಿನ ಸಸಿಗಳಲ್ಲಿ ಮೂರನೆಯ ಬೇಸಿಗೆ ದಾಟಿದ್ದು ಹನ್ನೊಂದು ಮಾತ್ರ. ನೀರು ಸಾಲದೆ ಒಣಗಿದವು ಎಂದು ಊರಿನವರೆಲ್ಲ ಹೇಳಿದರು. ಸತ್ತ ಸಸಿಯೊಂದನ್ನು ಅಗೆದು ತೆಗೆದೆವು. ಬೇರು ಗುಂಡಿಯ ಗೋಡೆಯವರೆಗೆ ಹೋಗಿ, ಅಲ್ಲಿಂದ ತಿರುಗಿ, ಕುಂಡದೊಳಗಿನ ಬೇರಿನಂತೆ ಸುತ್ತಿಕೊಂಡಿತ್ತು. ಆ ಗೋಡೆ ಗಾರೆ ಬಳಿದಷ್ಟು ನುಣುಪು. ಹಸಿ ಜೇಡಿಮಣ್ಣನ್ನು ಯಂತ್ರದ ಬಕೆಟ್ಟು ಉಜ್ಜಿ ಮೆತ್ತಿದ ನುಣುಪು ಅದು. ಸಸಿ ತರುವ ಮೊದಲು ಅರ್ಧ ದಿನ ಮಣ್ಣಿನ ಮುಂದೆ ಕುಳಿತಿದ್ದರೆ ಇದು ತಿಳಿಯುತ್ತಿತ್ತು. ಆ ಅರ್ಧ ದಿನದಲ್ಲಿ ಮಾಡಬೇಕಾದ ಕೆಲಸವನ್ನು ಇಲ್ಲಿ ಬರೆದಿದ್ದೇನೆ.

ಹಾರೆ, ಗುದ್ದಲಿ, ಅಳತೆ ಟೇಪು, ಚಾಕು, ಎರಡು ಗಾಜಿನ ಲೋಟ, ಗುಂಡಿಯೊಂದನ್ನು ಎರಡು ಸಲ ತುಂಬುವಷ್ಟು ನೀರು, ಸ್ವಲ್ಪ ವಿನೆಗರ್ ಇದ್ದರೆ ಸಾಕು. ಹದಮಳೆ ಬಿದ್ದು ಎರಡು ಮೂರು ದಿನವಾದ ಮೇಲೆ ಹೋಗಿ. ಕಾದ ನೆಲದಲ್ಲಿ ಹಾರೆ ಇಳಿಯದು, ಕೆಸರಿನಲ್ಲಿ ಏನೂ ಕಾಣದು.

ಮೊದಲು ಆಳ

ನೆತ್ತಿ, ನಡು, ಬುಡ ಹೀಗೆ ಇಳಿಜಾರಿನ ಮೂರು ಕಡೆ ಹಾರೆ ಇಳಿಸಿ ನೋಡಿ. ಒಂದೇ ಏಟಿಗೆ ಠಣ್ ಎಂದರೆ ನಂಬಬೇಡಿ, ಅದು ಬಿಡಿ ಕಲ್ಲೂ ಆಗಿರಬಹುದು. ಪ್ರತಿ ಕಡೆಯೂ ಐದಾರು ಬಾರಿ ಪ್ರಯತ್ನಿಸಿ ಅಳೆಯಿರಿ. ಮಣ್ಣಿನ ವಿಜ್ಞಾನದಲ್ಲಿ 50 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಅದು ತೆಳುಮಣ್ಣು. ಬಂಡೆಯಲ್ಲಿ ಬಿರುಕು ಸಿಕ್ಕಿದರೆ ಗುರುತು ಹಾಕಿಕೊಳ್ಳಿ. ಕೋಲಾರದ ಅಂತರಗಂಗೆಯಲ್ಲಿ ಬಸವನ ಬಾಯಿಂದ ಬರುವ ನೀರು ಕೂಡ ಬೆಟ್ಟದ ಬಿರುಕುಗಳಲ್ಲಿ ಇಂಗಿದ ನೀರೇ. ಗುಡ್ಡದ ಮೇಲೆ ತಾನಾಗಿ ಬೆಳೆದ ಮರಗಳು ಬೇರನ್ನು ಇಂಥ ಬಿರುಕಿಗೇ ಇಳಿಸಿರುತ್ತವೆ.

ಆಮೇಲೆ ಒಂದು ಗುಂಡಿ

ನಡು ಇಳಿಜಾರಿನಲ್ಲಿ ಬಂಡೆ ಸಿಗುವವರೆಗೆ ಗುದ್ದಲಿಯಿಂದ ಒಂದು ಗುಂಡಿ ತೆಗೆಯಿರಿ. ಒಂದು ಗೋಡೆಯನ್ನು ಚಾಕುವಿನ ಮೊನೆಯಿಂದ ಕೆರೆದು ಶುಚಿ ಮಾಡಿ. ಮೇಲೆ ನಾಲ್ಕು ಬೆರಳಿನಷ್ಟು ಸಡಿಲವಾದ, ಮರಳು ಮರಳಾದ ಮಣ್ಣು. ಅದರ ಕೆಳಗೆ ಬಣ್ಣ ಒಮ್ಮೆಲೇ ಕೆಂಪೇರಿ ಮಣ್ಣು ಗಟ್ಟಿಯಾಗುತ್ತದೆ. ಜೇಡಿಯ ಪದರ ಇದೇ. ಅಲ್ಲಿಂದ ಒಂದು ಹೆಂಟೆ ತೆಗೆದು ಕೈಯಿಂದಲೇ ಮುರಿದು, ಬಿಸಿಲಿಗೆ ಓರೆಯಾಗಿ ಹಿಡಿದು ನೋಡಿ. ಮುರಿದ ಮುಖದ ಮೇಲೆ ತೆಳುವಾದ ಮೇಣ ಸವರಿದಂಥ ಹೊಳಪು ಕಾಣಿಸಬಹುದು. ಮಳೆನೀರು ಮೇಲಿನಿಂದ ಹೊತ್ತು ತಂದ ಜೇಡಿಯ ಕಣಗಳು ಸಂದುಗೊಂದುಗಳಲ್ಲಿ ಪೊರೆಪೊರೆಯಾಗಿ ಕುಳಿತ ಗುರುತು ಅದು. ಒಂದೊಂದು ಕಣವೂ 0.002 ಮಿ.ಮೀ.ಗಿಂತ ಚಿಕ್ಕದು. ಹೀಗೆ ಒಂದು ಪದರ ಕಟ್ಟಲು ಸಾವಿರಾರು ವರ್ಷ ಬೇಕು. ಆ ಹೊಳಪನ್ನು ಮೊದಲ ಸಲ ಕಂಡಾಗ ನಾನು ಹೆಂಟೆಯನ್ನು ಎಸೆಯಲಾಗದೆ ಮನೆಗೆ ತಂದಿದ್ದೆ.

ಅಮೆರಿಕದ ಮೊಹಾವೆ, ಸೊನೋರಾ ಮರುಭೂಮಿಗಳ ಗುಡ್ಡಗಳಲ್ಲೂ ಬಂಡೆಯ ಮೇಲೆ ಇಂಥದೇ ತೆಳುವಾದ ಜೇಡಿ ಪದರ ಸಿಗುತ್ತದೆ. ಈಗ ಅಲ್ಲಿ ಬೀಳುವ ಅಲ್ಪ ಮಳೆಗೆ ಅಷ್ಟು ಜೇಡಿಯನ್ನು ಕೆಳಕ್ಕಿಳಿಸುವ ಶಕ್ತಿಯಿಲ್ಲ. ಸುಮಾರು 11,700 ವರ್ಷಗಳ ಹಿಂದೆ ಮುಗಿದ ಹಿಮಯುಗದಲ್ಲಿ ಅಲ್ಲಿ ತೇವ ಹೆಚ್ಚಿದ್ದಾಗ ಆ ಪದರಗಳು ಬಹುಮಟ್ಟಿಗೆ ಕಟ್ಟಿಕೊಂಡವು. ಗಾಳಿ ತಂದ ದೂಳೂ ಅದಕ್ಕೆ ಸೇರಿತು. ನಮ್ಮದು ಮರುಭೂಮಿಯಲ್ಲ. ವರ್ಷಕ್ಕೆ 250 ಮಿ.ಮೀ.ಗಿಂತ ಕಡಿಮೆ ಮಳೆಯ ನೆಲವನ್ನು ಸಾಮಾನ್ಯವಾಗಿ ಮರುಭೂಮಿ ಎನ್ನುತ್ತಾರೆ, ಪಾವಗಡದಲ್ಲಿ ಅದರ ಎರಡರಷ್ಟಾದರೂ ಬೀಳುತ್ತದೆ. ಆದರೂ ಒಂದು ಮಾತು ಇಬ್ಬರಿಗೂ ಸಲ್ಲುತ್ತದೆ: ಕೊಚ್ಚಿಹೋದ ಪದರ ನಮ್ಮ ಕಾಲದಲ್ಲಿ ಮರಳಿ ಬಾರದು. ಗುಡ್ಡದ ಇಳಿಜಾರನ್ನು ಯಂತ್ರ ಬಿಟ್ಟು ಸಮತಟ್ಟು ಮಾಡುವುದನ್ನು ಕಂಡಾಗ ನನಗೆ ಹೊಟ್ಟೆ ಉರಿಯುವುದು ಇದಕ್ಕೇ.

ಕೈಯಲ್ಲಿ ನಾದಿ ನೋಡಿ

ಜೇಡಿ ಪದರದ ಒಂದು ಹಿಡಿ ಮಣ್ಣಿನಿಂದ ಕಲ್ಲು ಆರಿಸಿ, ನೀರು ಚಿಮುಕಿಸಿ, ಚಪಾತಿ ಹಿಟ್ಟಿನ ಹದಕ್ಕೆ ಎರಡು ನಿಮಿಷ ನಾದಿ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಒತ್ತುತ್ತ ಪಟ್ಟಿಯಾಗಿ ಹೊರಗೆ ಬಿಡಿ. 2.5 ಸೆಂ.ಮೀ. ಆಗುವ ಮೊದಲೇ ತುಂಡಾದರೆ ಜೇಡಿ ಕಡಿಮೆ. 5 ಸೆಂ.ಮೀ. ದಾಟಿಯೂ ತುಂಡಾಗದೆ ನೇತಾಡಿದರೆ ಅದು ಅಪ್ಪಟ ಜೇಡಿ.

ಜೇಡಿ ಹೆಚ್ಚಿದ್ದರೆ ನೀರು ಹೆಚ್ಚು ನಿಲ್ಲುತ್ತದೆಯಲ್ಲ, ಒಳ್ಳೆಯದೇ ಅಲ್ಲವೇ ಎಂದು ದೊಡ್ಡಪ್ಪ ಕೇಳಿದರು. ನಿಲ್ಲುವುದು ನಿಜ, ಆದರೆ ಜೇಡಿ ತಾನು ಹಿಡಿದ ನೀರಿನಲ್ಲಿ ದೊಡ್ಡ ಪಾಲನ್ನು ಬೇರಿಗೆ ಬಿಟ್ಟುಕೊಡುವುದಿಲ್ಲ. 10 ಮಿ.ಮೀ. ಮಳೆ ಒಣ ಮರಳಿನಲ್ಲಿ ಅರ್ಧ ಗೇಣು ಇಳಿದರೆ, ಜೇಡಿಯಲ್ಲಿ ಎರಡು ಬೆರಳಿನಷ್ಟು ಇಳಿದು ಅಲ್ಲೇ ಬಿಸಿಲಿಗೆ ಆರಿಹೋಗುತ್ತದೆ. ಹಾಗಾಗಿ ತೀರ ಒಣ ಸೀಮೆಗಳಲ್ಲಿ ಜೇಡಿ ನೆಲಕ್ಕಿಂತ ಮರಳು ಮತ್ತು ಗರಸು ನೆಲದಲ್ಲೇ ಗಿಡ ಹೆಚ್ಚು. ಲೆಕ್ಕವನ್ನೂ ಹಾಕಿ ನೋಡಿದೆವು. ಜೇಡಿಮಣ್ಣು ಪ್ರತಿ ಸೆಂಟಿಮೀಟರಿಗೆ ಸುಮಾರು 1.5 ಮಿ.ಮೀ. ನೀರನ್ನು ಗಿಡಕ್ಕೆ ಕೊಡಬಲ್ಲದು. 30 ಸೆಂ.ಮೀ. ಆಳಕ್ಕೆ 45 ಮಿ.ಮೀ. ಆಯಿತು. ಅದರಲ್ಲಿ ಅರ್ಧ ಕಲ್ಲೇ ಆದರೆ ಉಳಿದದ್ದು 22. ಬೇಸಿಗೆಯಲ್ಲಿ ದಿನಕ್ಕೆ 5 ಮಿ.ಮೀ. ಆವಿಯಾದರೆ ನಾಲ್ಕೈದು ದಿನದ ನೀರು! ದೊಡ್ಡಪ್ಪ ಬೆರಳು ಮಡಿಚಿ ಎಣಿಸಿ ಸುಮ್ಮನಾದರು.

ಲೋಟದ ಪರೀಕ್ಷೆ, ನೀರಿನ ಪರೀಕ್ಷೆ

ಒಣಗಿದ ಸಣ್ಣ ಹೆಂಟೆಯೊಂದನ್ನು ಲೋಟದ ತಿಳಿನೀರಿಗೆ ಮೆಲ್ಲಗೆ ಬಿಡಿ, ಕಲಕಬೇಡಿ. ಪುಡಿಯಾಗಿ ತಳಕ್ಕೆ ಕುಸಿದು ಮೇಲಿನ ನೀರು ತಿಳಿಯಾಗಿಯೇ ಇದ್ದರೆ ಮಣ್ಣಿಗೆ ಗೊಬ್ಬರ, ತರಗು ಸಾಲದು ಎಂದರ್ಥ. ಹೆಂಟೆಯ ಸುತ್ತ ಹಾಲಿನಂಥ ಮಬ್ಬು ಹರಡಿದರೆ ಹೆಚ್ಚು ಎಚ್ಚರ ಬೇಕು. ಮಣ್ಣಿನಲ್ಲಿ ಸೋಡಿಯಂ ಹೆಚ್ಚಿರಬಹುದು. ಅಂಥ ಕಡೆ ಇಳಿಜಾರಿಗೆ ಕಾಲುವೆ ತೋಡಿದರೆ ಅದೇ ಕೊರಕಲಾಗಿ ಬೆಳೆಯುತ್ತದೆ. ಇನ್ನೊಂದು ಲೋಟದಲ್ಲಿ ಒಣ ಮಣ್ಣಿಗೆ ವಿನೆಗರ್ ಹಾಕಿ. ನೊರೆ ಎದ್ದರೆ ಸುಣ್ಣವಿದೆ, ಸುಣ್ಣದ ನೆಲದಲ್ಲಿ ಎಲೆ ಹಳದಿಯಾಗುವಂಥ ಗಿಡಗಳು ಅಲ್ಲಿ ಬೇಡ.

ತೆಗೆದ ಗುಂಡಿಯಲ್ಲಿ ನೀರು ತುಂಬಿಸಿ, ಇಂಗಿದ ಮೇಲೆ ಮತ್ತೊಮ್ಮೆ ತುಂಬಿಸಿ ಗಂಟೆ ನೋಡಿ. ಒಂದು ಗಂಟೆಯಲ್ಲಿ ಅರ್ಧ ಸೆಂಟಿಮೀಟರೂ ಇಳಿಯದಿದ್ದರೆ ಜೋರು ಮಳೆಯೆಲ್ಲ ಇಳಿಜಾರಿನಲ್ಲಿ ಹರಿದೇ ಹೋಗುತ್ತದೆ.

ನೆಡುವುದಾದರೆ

ಮೇಲೆ ಹರಡಿರುವ ಕಲ್ಲನ್ನು ಆರಿಸಿ ಎಸೆಯಬೇಡಿ. ಕಲ್ಲು ಮಳೆಹನಿಯ ಏಟನ್ನು ತಡೆಯುತ್ತದೆ, ನೆರಳು ಕೊಟ್ಟು ತೇವ ಕಾಯುತ್ತದೆ. ಹೆಚ್ಚಾದ ಕಲ್ಲನ್ನು ಇಳಿಜಾರಿಗೆ ಅಡ್ಡಲಾಗಿ ಸಾಲಾಗಿ ಜೋಡಿಸಿದರೆ ಅದೇ ಬದು. ಸಸಿಯ ಗುಂಡಿಯನ್ನು ಕೈಯಿಂದ ತೆಗೆದು, ಗೋಡೆಯನ್ನು ಹಾರೆಯ ಮೊನೆಯಿಂದ ಅಲ್ಲಲ್ಲಿ ಚುಚ್ಚಿ ಒರಟು ಮಾಡಿ. ತುಂಬಲು ಅದೇ ಮಣ್ಣು, ಜೊತೆಗೆ ಕಳಿತ ಕೊಟ್ಟಿಗೆ ಗೊಬ್ಬರ. ಬರಿಯ ಮರಳು ತುಂಬಿದರೆ ಮಳೆಗಾಲದಲ್ಲಿ ಗುಂಡಿ ಬಾನಿಯಾಗಿ ಬೇರು ಕೊಳೆಯುತ್ತದೆ. ಗುಂಡಿಯ ಕೆಳಬದಿಗೆ ಅರ್ಧಚಂದ್ರದ ಸಣ್ಣ ಬದು ಹಾಕಿ. ಮಣ್ಣು ಆಳವಿರುವ ಬುಡದಲ್ಲಿ ಹುಣಸೆ, ನಡುವೆ ಸೀತಾಫಲ, ನೆಲ್ಲಿ, ಬಿರುಕು ಸಿಕ್ಕಿದ ಕಡೆ ಕಮರ. ನೆತ್ತಿಯನ್ನು ಹುಲ್ಲಿಗೂ ತಂಗಡಿಗೂ ಬಿಟ್ಟುಬಿಡಿ, ಅಲ್ಲಿ ಗುಂಡಿಯೇ ಬೇಡ.

ಸಂಶಯವಿದ್ದರೆ ಅರ್ಧ ಕಿಲೋ ಮಣ್ಣನ್ನು ನೆರಳಿನಲ್ಲಿ ಒಣಗಿಸಿ, ಎಷ್ಟು ಆಳದ್ದು ಎಂದು ಚೀಟಿ ಬರೆದು ಹಿರೇಹಳ್ಳಿ, ಚಿಂತಾಮಣಿ ಅಥವಾ ಕೋಲಾರದ ಟಮಕದಲ್ಲಿರುವ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ದು ವಿಚಾರಿಸಿ. ಮನೆಗೆ ಹೊರಡುವ ಮೊದಲು ನೋಡಲೆಂದು ತೆಗೆದ ಗುಂಡಿಯನ್ನು ಮುಚ್ಚಿ: ಕೆಳಗಿನ ಕೆಂಪು ಜೇಡಿ ಮೊದಲು, ಸಡಿಲ ಮಣ್ಣು ಮೇಲೆ, ಎಲ್ಲಕ್ಕಿಂತ ಮೇಲೆ ಕಲ್ಲು.