ಎರಡು ಫುಲ್, ಒಂದು ಹಾಫ್: ಮಕ್ಕಳಿರುವ ಗೆಳತಿಯರ ಜೊತೆ ನನ್ನ ಅನುಭವ

ಸ್ನೇಹದಲ್ಲಿ ಲೆಕ್ಕ ಇಟ್ಟರೆ ಸ್ನೇಹ ಉಳಿಯುವುದಿಲ್ಲ ಅಂತ ನನಗೆ ಕಡಿಮೆ ಅಂದ್ರೂ ಐದು ಜನ ಹೇಳಿದ್ದರು. ನನ್ನ ಗಂಡ, ನಾದಿನಿ, ಆಫೀಸಿನ ಇಬ್ಬರು, ಕೊನೆಗೆ ಊರಿನಿಂದ ಅಮ್ಮನೂ ಫೋನಿನಲ್ಲಿ ಅದನ್ನೇ ಹೇಳಿದರು. ಈಗ ಎರಡು ವರ್ಷ ಆಯಿತು. ನಾವು ನಾಲ್ವರು ಗೆಳತಿಯರು ತಿಂಗಳಿಗೆ ಎರಡು ಸಲ ಸಿಗುತ್ತಿದ್ದೇವೆ. ಅದಕ್ಕೇ ಬರೆಯುತ್ತಿದ್ದೇನೆ.

ನಾವು ಇರುವುದು ಮುಂಬೈ ಕಡೆ. ನಮ್ಮೊಳಗೆ ಒಬ್ಬರನ್ನೊಬ್ಬರು ಅವರವರ ಲೋಕಲ್ ಸ್ಟೇಷನ್ ಹೆಸರಿನಿಂದಲೇ ಕರೆಯುವುದು. ಡೊಂಬಿವಲಿಗೆ ಇಬ್ಬರು ಗಂಡುಮಕ್ಕಳು. ಮಾಟುಂಗಾಗೆ ಒಬ್ಬಳು ಮಗಳು. ನೆರೂಲ್ ಮದುವೆಯಾಗಿಲ್ಲ. ಮುಲುಂಡ್ ಅಂದ್ರೆ ನಾನು. ಮನೆಯಲ್ಲಿ ನಾನು, ನನ್ನ ಗಂಡ ಇಬ್ಬರೇ. ಮಕ್ಕಳಾಗಲಿಲ್ಲ, ಆ ಕಥೆ ಇಲ್ಲಿ ಬೇಡ.

ಮೊದಲೆಲ್ಲ ಮಾಟುಂಗಾದಲ್ಲಿರುವ ಕನ್ನಡಿಗರ ಸಂಘ ಮೈಸೂರು ಅಸೋಸಿಯೇಷನ್‌ನಲ್ಲಿ ನಾಟಕ ಇದೆ ಅಂದ್ರೆ ನಾಲ್ವರೂ ಹಾಜರು. ಮುಗಿದ ಮೇಲೆ ಕಿಂಗ್ಸ್ ಸರ್ಕಲ್ ಹತ್ತಿರ ಇಡ್ಲಿ, ಕಾಫಿ, ತಡವಾದ ಲೋಕಲ್ ಹಿಡಿದು ಮನೆ. ಮಕ್ಕಳು ಬಂದ ಮೇಲೆ ಅದು ಹೇಗೆ ನಿಲ್ಲುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. "ನಿಮಗೇನು, ಆರಾಮ" ಅನ್ನುವ ಮಾತು ಅವರ ಕಡೆಯಿಂದ. "ಬರಲ್ಲ ಅಂತ ಮೊದಲೇ ಹೇಳ್ಬೇಕಿತ್ತು" ಅನ್ನುವುದು ನಮ್ಮ ಕಡೆಯಿಂದ.

ನಿಜವಾಗಿ ಮುರಿದದ್ದು ಲೋನಾವಳಾ ಪ್ರವಾಸದಲ್ಲಿ. ಎರಡು ರಾತ್ರಿಗೆ ಬಂಗಲೆ ಹಿಡಿದಿದ್ದೆವು. ಬಾಡಿಗೆ, ಊಟ ಎಲ್ಲ ಸೇರಿ ಸುಮಾರು 24,000. ನಾಲ್ಕು ಮನೆ, ತಲಾ 6,000 ಅಂತ ಯಾರೋ ಹೇಳಿದರು, ಎಲ್ಲರೂ ಹೂಂ ಅಂದೆವು. ಕೋಣೆಗಳು ಮೂರೇ. "ನೀನೊಬ್ಬಳೇ ಅಲ್ವಾ, ಹಾಲ್‌ನಲ್ಲಿ ಅಡ್ಜಸ್ಟ್ ಮಾಡ್ಕೋ" ಅಂತ ನೆರೂಲ್‌ಗೆ ಸೋಫಾ ಕೊಟ್ಟೆವು. ಬೆಳಿಗ್ಗೆ ಐದೂವರೆಗೆ ಹುಡುಗರು ಬಂದು ಅವಳ ಕಾಲ ಮೇಲೇ ಕೂತು ಟಿವಿ ಹಾಕಿದರು. ಅವಳು ಎದ್ದು, ಹೊದಿಕೆ ಮಡಿಸಿಟ್ಟು, ಎಲ್ಲರಿಗೂ ಚಹಾ ಮಾಡಿದಳು. ಒಂದು ಮಾತೂ ಆಡಲಿಲ್ಲ. ವಾಪಸ್ ಬರುವಾಗ ಕರ್ಜತ್‌ನಲ್ಲಿ ವಡಾಪಾವ್ ತೆಗೆದುಕೊಂಡೆವು, ಅದಕ್ಕೂ ಅವಳೇ ದುಡ್ಡು ಕೊಟ್ಟಳು. ಆಮೇಲೆ ನಾಲ್ಕು ತಿಂಗಳು ನಮ್ಮ ಯಾರ ಫೋನೂ ಎತ್ತಲಿಲ್ಲ.

ಸರಿ ಮಾಡಲು ಹೋಗಿ ನಾನು ಮೂರು ಸಲ ಕೆಡಿಸಿದೆ. ಮೊದಲು ತಲೆಲೆಕ್ಕ ಹಾಕಿದೆ. ಹೇಗೋ ಎಲ್ಲರನ್ನೂ ಒಂದು ಊಟಕ್ಕೆ ಸೇರಿಸಿದ್ದೆ, ಬಿಲ್ಲು 3,500 ಹತ್ತಿರ. ಹತ್ತು ತಲೆ, ತಲೆಗೆ 350 ಅಂತ ಗ್ರೂಪಿನಲ್ಲಿ ಹಾಕಿದೆ. ಡೊಂಬಿವಲಿ ಬರೆದಳು: "ನನ್ನ ಚಿಕ್ಕವನು ತಿಂದದ್ದು ಅರ್ಧ ಇಡ್ಲಿ ಮಾರಾಯ್ತಿ. ಅದಕ್ಕೂ ಮುನ್ನೂರೈವತ್ತಾ?" ಅಷ್ಟು ಬರೆದು ಗ್ರೂಪ್ ಬಿಟ್ಟಳು. ಅವಳು ಹೇಳಿದ್ದು ಸರಿಯಾಗಿಯೇ ಇತ್ತು.

ಆಮೇಲೆ ಟಿಟಿಎಂಎಂ, ಅವರವರು ತಿಂದದ್ದಕ್ಕೆ ಅವರವರದು. ಮಕ್ಕಳು ಅರ್ಧ ಕುಡಿದು ಬಿಟ್ಟ ಜ್ಯೂಸು ಯಾರ ಲೆಕ್ಕಕ್ಕೆ, ನಡುವೆ ಇಟ್ಟಿದ್ದ ವಡೆ ಯಾರದ್ದು? ಇಪ್ಪತ್ತು ನಿಮಿಷ ಅದೇ ಆಯಿತು. ಲೆಕ್ಕ ಸರಿಹೋಯಿತು, ಮುಖಗಳು ಬಾಡಿದವು. ಮೂರನೆಯದು ನನ್ನ ಗಂಡನ ಐಡಿಯಾ: "ನಮಗೇನು ಶಾಲೆ ಫೀಸಾ, ಟ್ಯೂಷನ್ನಾ? ನಾವೇ ಕೊಡೋಣ." ಎರಡು ಸಲ ಕೊಟ್ಟೆವು. ಮೂರನೇ ಸಲ ಡೊಂಬಿವಲಿಯ ಗಂಡ ಬಿಲ್ಲು ಕಿತ್ತುಕೊಂಡು "ನಮ್ಮನ್ನ ಏನಂದ್ಕೊಂಡಿದೀರಿ?" ಅಂದರು. ಆ ವರ್ಷ ಬರೀ ಹುಟ್ಟುಹಬ್ಬದ ಉಡುಗೊರೆಗೇ ನಾವು ಹದಿನಾಲ್ಕು, ಹದಿನೈದು ಸಾವಿರ ಖರ್ಚು ಮಾಡಿದ್ದೆವು. ದುಡ್ಡೂ ಹೋಯಿತು, ಮನಸ್ಸೂ ಮುರಿಯಿತು.

ದಾರಿ ಸಿಕ್ಕಿದ್ದು ಮುಲುಂಡ್ ಸ್ಟೇಷನ್ನಿನ ಟಿಕೆಟ್ ಕಿಟಕಿಯಲ್ಲಿ. ನನ್ನ ಮುಂದಿದ್ದ ಹೆಂಗಸು ದಾದರ್‌ಗೆ "ದೋ ಫುಲ್, ಏಕ್ ಹಾಫ್" ಅಂದಳು, ಚಿಲ್ಲರೆ ಎಣಿಸಿಕೊಂಡು ಹೋದಳು. ಕಂಕುಳಲ್ಲಿದ್ದ ಮಗುವಿಗೆ ಟಿಕೆಟ್ಟೇ ಇಲ್ಲ. ಯಾರಿಗೂ ಬೇಜಾರಿಲ್ಲ. ರೈಲಿನವರ ನಿಯಮ ನಮಗೆಲ್ಲ ಗೊತ್ತಿರುವುದೇ: ಐದು ವರ್ಷದ ಒಳಗೆ ಫ್ರೀ, ಐದರಿಂದ ಹನ್ನೆರಡರ ಒಳಗೆ ಅರ್ಧ, ಹನ್ನೆರಡು ತುಂಬಿದರೆ ಪೂರ್ತಿ. ದೂರದ ಗಾಡಿಯಲ್ಲಿ ಮಗುವಿಗೆ ಬೇರೆ ಬರ್ತ್ ಬೇಕು ಅಂದ್ರೆ 2016ರಿಂದ ಪೂರ್ತಿ ದರ. ಇದನ್ನೇ ನಾವು ಯಾಕೆ ಇಟ್ಟುಕೊಳ್ಳಬಾರದು ಅನ್ನಿಸಿತು.

ಅವತ್ತು ರಾತ್ರಿ ಲೋನಾವಳಾದ ಹಳೇ ಲೆಕ್ಕ ತೆಗೆದು ಕೂತೆ. ಆಗ ಹುಡುಗರಿಗೆ ಒಂಬತ್ತು, ನಾಲ್ಕು. ಹುಡುಗಿಗೆ ಏಳು. ಮೂವರೂ ಅಪ್ಪ ಅಮ್ಮನ ಪಕ್ಕದಲ್ಲೇ ಮಲಗಿದ್ದರು, ಬೇರೆ ಹಾಸಿಗೆ ತೆಗೆದುಕೊಂಡಿರಲಿಲ್ಲ. ಡೊಂಬಿವಲಿ ಎರಡೂವರೆ, ಮಾಟುಂಗಾ ಎರಡೂವರೆ, ನಾವು ಎರಡು, ನೆರೂಲ್ ಒಂದು. ಒಟ್ಟು ಎಂಟು ಟಿಕೆಟ್, ಒಂದಕ್ಕೆ 3,000. ನಮ್ಮದು ಮೊದಲಿನ ಹಾಗೆ 6,000. ಒಂದು ರೂಪಾಯಿಯೂ ಕಡಿಮೆಯಾಗಲಿಲ್ಲ. ನೆರೂಲ್ ಮಾತ್ರ 3,000 ಜಾಸ್ತಿ ಕೊಟ್ಟಿದ್ದಳು.

ಗ್ರೂಪಿನಲ್ಲಿ ಹಾಕಲಿಲ್ಲ. ಡೊಂಬಿವಲಿಗೆ ಫೋನ್ ಮಾಡಿ ಓದಿ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಚಿಕ್ಕವನಿಗೆ ಫ್ರೀ ಹಾಕಿದ್ದೀಯಾ?" ಅಂದಳು. ಹೌದು ಅಂದೆ. "ನಿನಗೆ ಏನೂ ಉಳಿಯಲಿಲ್ಲವಲ್ಲ?" ಇಲ್ಲ ಅಂದೆ. ಮಾರನೇ ದಿನ ಅವಳೂ ಮಾಟುಂಗಾಳೂ 1,500, 1,500 ನೆರೂಲ್‌ಗೆ ಜಿಪೇ ಮಾಡಿದರು. ರಾತ್ರಿ ಹತ್ತಕ್ಕೆ ನೆರೂಲ್ ಫೋನು. "ದುಡ್ಡಿನದ್ದಲ್ಲ ಕಣೇ" ಅಂತ ಅತ್ತಳು. "ಆರು ಸಾವಿರ ಕೊಟ್ಟು ನಾನು ಸೋಫಾದಲ್ಲಿ ಮಲಗಿದೆ. ನನಗೆ ಮಕ್ಕಳಿಲ್ಲ ಅಂತ ನಿದ್ದೆಯೂ ಬೇಡ್ವಾ?"

ನಮ್ಮ ಎರಡನೇ ನಿಯಮ ಅಲ್ಲಿಂದ ಬಂತು. ಫುಲ್ ಟಿಕೆಟ್ ಇದ್ದವರಿಗೆ ಬರ್ತ್, ಅಂದ್ರೆ ಹಾಸಿಗೆ, ಖಾತ್ರಿ. ಮದುವೆಯಾಗಿರಲಿ, ಬಿಡಲಿ, ಮಕ್ಕಳಿರಲಿ, ಇಲ್ಲದಿರಲಿ. ಲೆಕ್ಕದಿಂದ ಸ್ನೇಹ ಕೆಡುತ್ತದೆ ಅಂದವರಿಗೆ ನಾನು ಇದನ್ನೇ ಹೇಳುವುದು. ಲೆಕ್ಕ ತೆಗೆಯದಿದ್ದರೆ ಆ ಸೋಫಾದ ಮಾತು ಯಾವತ್ತೂ ಹೊರಗೆ ಬರುತ್ತಿರಲಿಲ್ಲ.

ಸಮಯದ್ದೂ ರೈಲಿನ ಹಾಗೇ ಮಾಡಿದೆವು. ರಾತ್ರಿ ಊಟ ಎಷ್ಟು ಸಲ ಇಟ್ಟರೂ ಆಗಲಿಲ್ಲ. ಒಬ್ಬರಿಗೆ ಜ್ವರ, ಒಬ್ಬರಿಗೆ ಸೋಮವಾರ ಪರೀಕ್ಷೆ. ಈಗ ಎರಡು ವಾರಕ್ಕೊಮ್ಮೆ ಭಾನುವಾರ ಬೆಳಿಗ್ಗೆ ಏಳೂವರೆಗೆ ಮಾಟುಂಗಾದಲ್ಲಿ ತಿಂಡಿ. ಮಕ್ಕಳು ಹೇಗೂ ಆರಕ್ಕೇ ಏಳುತ್ತವೆ. ಎಂಟೂವರೆ ಆದರೆ ಹೋಟೆಲುಗಳ ಮುಂದೆ ಸಾಲು. ಹತ್ತರ ಹೊತ್ತಿಗೆ ಎದ್ದುಬಿಡಬೇಕು, ಭಾನುವಾರ ಮಾಟುಂಗಾ, ಮುಲುಂಡ್ ನಡುವೆ ಮೆಗಾಬ್ಲಾಕ್ (ಹಳಿ ದುರಸ್ತಿಗೆ ಗಾಡಿ ತಡೆಯುವುದು) ಇರುವುದೇ ಜಾಸ್ತಿ. ನೆರೂಲ್‌ಗೆ ಕಷ್ಟ. ಇರುವುದೊಂದು ರಜೆ, ಕುರ್ಲಾದಲ್ಲಿ ಇಳಿದು ಗಾಡಿ ಬದಲಿಸಬೇಕು. ಅದಕ್ಕೇ ಪ್ರತಿ ವಾರ ಬೇಡ ಅಂದೆವು. ಯಾರಾದರೂ ಬರದಿದ್ದರೆ ಕಾರಣ ಕೇಳುವಂತಿಲ್ಲ. ಗಾಡಿ ತಪ್ಪಿತು, ಅಷ್ಟೇ. ಮುಂದಿನ ಗಾಡಿ ಎರಡು ವಾರಕ್ಕೆ. ಈ ಒಂದು ನಿಯಮದಿಂದ ಡೊಂಬಿವಲಿಯ ಅರ್ಧ ಭಾರ ಇಳಿಯಿತು ಅಂತ ಅವಳೇ ಹೇಳಿದ್ದಾಳೆ.

ತಿಂಡಿ ಆದ ಮೇಲೆ ಗಂಡಸರು ಮಕ್ಕಳನ್ನು ಹತ್ತಿರದ ಫೈವ್ ಗಾರ್ಡನ್ಸ್ ಪಾರ್ಕಿಗೆ ಕರೆದುಕೊಂಡು ಹೋಗುತ್ತಾರೆ. ಸುಮಾರು ಒಂದು ಗಂಟೆ ನಮಗೆ ನಾಲ್ವರಿಗೇ. ಅವರನ್ನು ಹೇಗೆ ಒಪ್ಪಿಸಿದೆ ಅಂತ ಇಲ್ಲಿ ಬರೆಯುವುದಿಲ್ಲ, ನಮ್ಮ ಮನೆಯವರೂ ಇದನ್ನು ಓದುತ್ತಾರೆ.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಡೊಂಬಿವಲಿಯ ಇಬ್ಬರನ್ನೂ ಒಂದು ರಾತ್ರಿ ನಮ್ಮ ಮನೆಯಲ್ಲಿ ಇಟ್ಟುಕೊಂಡೆ, ಅವರ ಅಪ್ಪ ಅಮ್ಮ ಥಾಣೆಯಲ್ಲಿ ಒಂದು ರಿಸೆಪ್ಶನ್‌ಗೆ ಹೋಗಿದ್ದರು. ಚಿಕ್ಕವನು ಹನ್ನೊಂದರವರೆಗೆ ಅತ್ತ. ಅವರು ಊಟ ಬಿಟ್ಟು ಓಡಿಬಂದರು. ಆದರೆ ಹಗಲಲ್ಲಿ, ಒಂದೇ ಮಗು, ವಾಪಸ್ ಬಿಡುವ ಹೊತ್ತು ಮೊದಲೇ ಹೇಳಿ ಕರೆದುಕೊಂಡು ಹೋದರೆ ಚೆನ್ನಾಗಿ ನಡೆಯುತ್ತದೆ. ಮಾಟುಂಗಾಳ ಮಗಳನ್ನು ರಾಣಿಬಾಗ್ ಮೃಗಾಲಯಕ್ಕೆ ಪೆಂಗ್ವಿನ್ ನೋಡಲು ಕರೆದುಕೊಂಡು ಹೋದೆ. ಗಾಜಿಗೆ ಮೂಗು ಒತ್ತಿ ನಿಂತು, ಪೆಂಗ್ವಿನ್‌ಗೂ ಶಾಲೆಗೂ ಸೇರಿಸಿ ಅರ್ಧ ಗಂಟೆ ಮಾತಾಡಿದಳು. ಅದಕ್ಕೂ ಮುಂಚೆ ನಾನು "ಮಕ್ಕಳ ಶಾಲೆ ಮಾತು ಹದಿನೈದು ನಿಮಿಷ ಮಾತ್ರ" ಅಂತ ನಿಯಮ ತರಲು ನೋಡಿದ್ದೆ. ಒಂದು ಭಾನುವಾರವೂ ನಡೆದಿರಲಿಲ್ಲ. ಹುಡುಗಿಯ ಪರಿಚಯವಾದ ಮೇಲೆ ಆ ಮಾತು ಕೇಳುವುದು ನನಗೆ ಹೊರೆ ಅನ್ನಿಸಲೇ ಇಲ್ಲ. ಅವಳ ಬೆಂಚಿನ ಜಗಳ ಏನಾಯಿತು ಅಂತ ಈಗ ನಾನೇ ಕೇಳುತ್ತೇನೆ.

ಮಾಟುಂಗಾಳ ಅತ್ತೆಯೂ ಆಗಾಗ ಬರುತ್ತಾರೆ. ರೈಲಿನಲ್ಲಿ ಹಿರಿಯರ ರಿಯಾಯಿತಿ 2020ರಲ್ಲಿ ನಿಂತಿತು. ನಮ್ಮಲ್ಲಿ ಅವರಿಗೆ ಪೂರ್ತಿ ಫ್ರೀ ಪಾಸ್. ಬಂದಾಗಲೆಲ್ಲ ಸಂಡಿಗೆ ಡಬ್ಬ ತರುತ್ತಾರೆ, ಅದರ ಲೆಕ್ಕ ನಾವು ಇಟ್ಟಿಲ್ಲ.

ಕಳೆದ ಸಲ ಬಿಲ್ಲು ಬಂದಾಗ ನಾನು ಎಂದಿನಂತೆ ಮೊಬೈಲಿನಲ್ಲಿ ಗುಣಿಸುತ್ತಿದ್ದೆ. ಡೊಂಬಿವಲಿಯ ದೊಡ್ಡವನು ಎರಡನೇ ಮಸಾಲೆ ದೋಸೆ ಮುಗಿಸಿ ಕೈ ಒರೆಸಿಕೊಳ್ಳುತ್ತಿದ್ದ. "ಮುಲುಂಡ್ ಆಂಟಿ, ನನಗೆ ಹನ್ನೆರಡು ಆಯ್ತು. ಫುಲ್ ಹಾಕಿ" ಅಂದ. ಅವನ ಅಮ್ಮ ನನ್ನ ಮುಖ ನೋಡಿದಳು. ಹಾಕಿದೆ. ಡಿಸೆಂಬರ್‌ಗೆ ಅಲಿಬಾಗ್ ಅಂತ ಮಾತಾಗಿದೆ. ಈ ಸಲ ಎಂಟು ಬರ್ತ್ ಬೇಕು. ಎಂಟು ಹಾಸಿಗೆ ಇರುವ ಮನೆ ಹುಡುಕುತ್ತಿದ್ದೇನೆ, ಗಾಳಿ ಬರುವ ಕೋಣೆ ನೆರೂಲ್‌ಗೆ ಅಂತ ಈಗಲೇ ಬರೆದಿಟ್ಟಿದ್ದೇನೆ.