‘ಸ್ಟಿಂಕ್’ ಅನ್ನು ಸರಿಯಾಗಿ ಬಳಸುವುದು ಹೇಗೆ?

ದುರ್ವಾಸನೆಯ ಬಗ್ಗೆ ಇಂಗ್ಲಿಷಿನಲ್ಲಿ ದೂರು ಬರೆಯುವಾಗ ನಮ್ಮಲ್ಲಿ ಹಲವರು ‘ಬ್ಯಾಡ್ ಸ್ಮೆಲ್ ಈಸ್ ಕಮಿಂಗ್’ ಎಂದು ಬರೆದುಬಿಡುತ್ತಾರೆ. ‘ವಾಸನೆ ಬರ್ತಿದೆ’ ಎಂಬ ಕನ್ನಡದ ಮಾತು ಹಾಗೇ ಇಳಿದುಬಂದಿರುತ್ತದೆ. ಬೇಕಾದದ್ದು ಒಂದೇ ಪದ: ‘ಸ್ಟಿಂಕ್’. ಗಬ್ಬು ನಾರು ಎಂದರ್ಥ.

ಹೆಜ್ಜೆ 1: ನಾರುವ ವಸ್ತುವನ್ನೇ ಕರ್ತೃ ಮಾಡಿ. ‘ದಿಸ್ ಸಾಕ್ ಸ್ಟಿಂಕ್ಸ್’, ಅಷ್ಟೇ.

ಹೆಜ್ಜೆ 2: ಭೂತಕಾಲಕ್ಕೆ ‘ಸ್ಟ್ಯಾಂಕ್’, ‘ಹ್ಯಾವ್’ ಜೊತೆಗೆ ‘ಸ್ಟಂಕ್’. ‘ಸ್ಟಿಂಕ್ಡ್’ ಎಂಬ ರೂಪವೇ ಇಲ್ಲ.

ಹೆಜ್ಜೆ 3: ಎಡವುವುದು ಇಲ್ಲೇ, ನಿಧಾನವಾಗಿ ಓದಿ. ಮೊದಲಿಗೆ, ‘ಈಸ್ ಸ್ಟಿಂಕಿಂಗ್’ ಎಂದು ಎಳೆಯಬೇಡಿ. ನಾವು ‘ನಾರುತ್ತಾ ಇದೆ’ ಎಂದರೂ ಇಂಗ್ಲಿಷಿನವರು ಸಾಮಾನ್ಯವಾಗಿ ‘ಸ್ಟಿಂಕ್ಸ್’ ಎಂದೇ ಮುಗಿಸುತ್ತಾರೆ. ‘ಬ್ಯಾಡ್ ಸ್ಟಿಂಕ್’ ಕೂಡ ಬೇಡ. ಕೆಟ್ಟದ್ದು ಎಂಬುದು ಪದದೊಳಗೇ ಇದೆ. ಇನ್ನು ಯಾವುದರ ನಾತ ಎಂದು ಹೇಳುವುದು. ಅಂಗಿಗೆ ಸಿಗರೇಟಿನ ಹೊಗೆ ಹತ್ತಿದ್ದರೆ ‘ಸ್ಟಿಂಕ್ಸ್ ಆಫ್ ಸ್ಮೋಕ್’. ‘ವಿತ್’, ‘ಫ್ರಮ್’ ಹಾಕಿದರೆ ನಾನಂತೂ ಕೆಂಪು ಗೆರೆ ಎಳೆಯುತ್ತೇನೆ. ಆ ವಸ್ತು ಅಲ್ಲಿಲ್ಲದೆ ಬರೀ ಅದರ ಹಾಗೆ ನಾರುತ್ತಿದ್ದರೆ ‘ಲೈಕ್’. ಹೈಡ್ರೋಜನ್ ಸಲ್ಫೈಡ್ ಅನಿಲ ಕೊಳೆತ ಮೊಟ್ಟೆಯಂತೆ ನಾರುತ್ತದೆ, ಆದರೆ ಅಲ್ಲಿ ಮೊಟ್ಟೆ ಎಲ್ಲಿದೆ? ಹಾಗಾಗಿ ‘ಸ್ಟಿಂಕ್ಸ್ ಲೈಕ್ ರಾಟನ್ ಎಗ್ಸ್’.

ನಾಮಪದವಾಗಿ ಬಂದಾಗ ಅದಕ್ಕೆ ಮೊದಲು ‘ಎ’ ಅಥವಾ ‘ದಿ’ ಇರಲಿ. 1858ರ ಬೇಸಿಗೆಯಲ್ಲಿ ಲಂಡನ್ನಿನ ಥೇಮ್ಸ್ ನದಿ ಚರಂಡಿ ನೀರಿನಿಂದ ನಾರಿದ್ದಕ್ಕೆ ‘ದಿ ಗ್ರೇಟ್ ಸ್ಟಿಂಕ್’ ಎಂಬ ಹೆಸರೇ ಉಳಿಯಿತು. ಸಂಸತ್ ಭವನದ ಪರದೆಗಳನ್ನು ಸುಣ್ಣದ ಕ್ಲೋರೈಡಿನಲ್ಲಿ (ಬ್ಲೀಚಿಂಗ್ ಪುಡಿಯ ದ್ರಾವಣದಲ್ಲಿ) ಅದ್ದಿ ತೂಗುಹಾಕಿದರೂ ನಾತ ತಡೆಯಲಾಗಲಿಲ್ಲ. ಕೊನೆಗೆ ಜೋಸೆಫ್ ಬ್ಯಾಜಲ್‌ಜೆಟ್ ಎಂಬ ಎಂಜಿನಿಯರ್ ಹೊಸ ಒಳಚರಂಡಿ ಕಟ್ಟಿಸಿದರು.

ಹೆಜ್ಜೆ 4: ಜಾಗ ನೋಡಿ ಬಳಸಿ. ಕಚೇರಿ ಪತ್ರಕ್ಕೆ ಇದು ಒರಟು. ಅಲ್ಲಿಗೆ ‘ಅನ್‌ಪ್ಲೆಸೆಂಟ್ ಓಡರ್’ ಸಾಕು. ಬರೀ ‘ಓಡರ್’ ಎಂದರೆ ವಾಸನೆ ಮಾತ್ರ. ಎದುರಿಗಿರುವವರಿಗೆ ‘ಯು ಸ್ಟಿಂಕ್’ ಎಂದರೆ ಬೈಗುಳ. ‘ರೈಸ್ ಎ ಸ್ಟಿಂಕ್’ ಎಂದರೆ ಮೂಗಿಗೆ ಸಂಬಂಧವೇ ಇಲ್ಲ, ರಂಪ ಎಬ್ಬಿಸು ಎಂದು.

ಅನುವಾದದ ಆ್ಯಪ್‌ಗಳನ್ನು ನಂಬಿ ಕೂರಬೇಡಿ, ‘ಸ್ಟೆಂಚ್’, ‘ರೀಕ್’, ‘ಸ್ಟಿಂಕ್’ ಎಲ್ಲಕ್ಕೂ ‘ದುರ್ವಾಸನೆ’ ಎಂದು ಕೊಟ್ಟು ಕೈತೊಳೆದುಕೊಳ್ಳುತ್ತವೆ. ‘ಸ್ಟೆಂಚ್’ ಅನ್ನು ನಾಮಪದವಾಗಿ ಮಾತ್ರ ಬಳಸಿ. ‘ರೂಮ್ ಸ್ಟೆಂಚಸ್’ ಎಂದು ಬರೆದರೆ ನಗುತ್ತಾರೆ. ‘ರೀಕ್’ ಬರೆಯುವಾಗ ಡಬಲ್ ‘ಇ’ ಹಾಕಿ. ಶುರುವಿಗೆ ‘ಡಬ್ಲ್ಯೂ’ ಸೇರಿಸಿ, ನಡುವೆ ‘ಇಎ’ ಹಾಕಿದರೆ ಅದು ‘ಹಾನಿ ಮಾಡು’ ಎಂಬರ್ಥದ ಬೇರೆಯೇ ಪದ.